ಅವಳಿ–ತ್ರಿವಳಿ ಅಪಾಯ ತಪ್ಪಿಸುವ ವಿದ್ಯೆ 1978ರಲ್ಲೇ ಇವರ ಕೈಲಿತ್ತು: ಸರ್ಕಾರ ನಂಬದ ಡಾ. ಸುಭಾಷ್ ಮುಖೋಪಾಧ್ಯಾಯ

ಮಕ್ಕಳಾಗಲಿಲ್ಲ ಅಂತ ಐವಿಎಫ್‌ ಮಾಡಿಸೋಕೆ ಹೋಗುವ ದಂಪತಿಗಳು ಈಗ ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ. ಒಡವೆ ಅಡವಿಟ್ಟು, ಸೈಟು ಮಾರಿ, ಸಂಘದ ಸಾಲ ಎತ್ತಿ ದೊಡ್ಡ ಊರಿನ ಆಸ್ಪತ್ರೆಗೆ ಓಡಾಡ್ತಾರೆ. ಇಷ್ಟೆಲ್ಲ ಆದ ಮೇಲೆ ಸ್ಕ್ಯಾನಿಂಗ್‌ನಲ್ಲಿ ಅವಳಿ ಅಂತ ಗೊತ್ತಾದರೆ, ಒಂದೇ ಖರ್ಚಿಗೆ ಎರಡು ಮಕ್ಕಳಾಯ್ತು ಅಂತ ಮನೆಮಂದಿ ಖುಷಿಪಡ್ತಾರೆ. ಆದರೆ ವೈದ್ಯರು ಅದನ್ನ ಬೋನಸ್ ಅಂತ ನೋಡಲ್ಲ, ಅಪಾಯ ಅಂತ ನೋಡ್ತಾರೆ.

ಆ ಅಪಾಯ ಕಡಿಮೆ ಮಾಡಲು ಇವತ್ತು ಬಳಸುವ ದೊಡ್ಡ ಉಪಾಯ ಎಂದರೆ ಭ್ರೂಣಗಳನ್ನು ಫ್ರೀಜ್ ಮಾಡಿಟ್ಟು, ಒಂದು ಸಲಕ್ಕೆ ಒಂದನ್ನೇ ಗರ್ಭಕೋಶಕ್ಕೆ ಹಾಕುವುದು. ಫ್ರೀಜ್ ಮಾಡಿದ ಭ್ರೂಣದಿಂದ ಮಗು ಹುಟ್ಟಿಸಬಹುದು ಅಂತ ಮೊದಲು ಹೇಳಿದವರು ಕಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯ. ಹೇಳಿದ್ದಕ್ಕೆ ಅವರಿಗೆ ಸಿಕ್ಕಿದ್ದು ಅವಮಾನ.

ಎರಡು ಡಾಕ್ಟರೇಟ್ ಪಡೆದ ವೈದ್ಯ

ಸುಭಾಷ್ ಹುಟ್ಟಿದ್ದು 1931ರ ಜನವರಿ 16ರಂದು, ಈಗಿನ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ. ಕಲ್ಕತ್ತದಲ್ಲಿ ಎಂಬಿಬಿಎಸ್ ಓದಿ 1955ರಲ್ಲಿ ಪಾಸಾದರು. ಅಷ್ಟಕ್ಕೇ ನಿಲ್ಲಲಿಲ್ಲ. 1958ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ, 1967ರಲ್ಲಿ ಬ್ರಿಟನ್ನಿನ ಎಡಿನ್‌ಬರೋದಿಂದ ಇನ್ನೊಂದು ಪಿಎಚ್‌ಡಿ ಮಾಡಿದರು. ಗರ್ಭ ನಿಲ್ಲಲು ಕಾರಣವಾಗುವ ಹಾರ್ಮೋನುಗಳೇ ಅವರ ವಿಷಯ.

ಅಲ್ಲೇ ಇದ್ದಿದ್ದರೆ ಒಳ್ಳೆ ಲ್ಯಾಬ್, ಒಳ್ಳೆ ಸಂಬಳ ಸಿಗುತ್ತಿತ್ತು. ಆದರೂ ವಾಪಸ್ ಬಂದು ಕಲ್ಕತ್ತದ ಎನ್‌ಆರ್‌ಎಸ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು. ಮುಂದೆ ದೂರದ ಬಾಂಕುರಾದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲೂ ಕೆಲಸ ಮಾಡಿದರು. ಹೆಂಡತಿ ನಮಿತಾ ಸ್ಕೂಲ್ ಟೀಚರ್. ಇಬ್ಬರಿಗೂ ಮಕ್ಕಳಿರಲಿಲ್ಲ.

ಮೂರು ಹೊಸ ಹೆಜ್ಜೆ

1970ರ ದಶಕದಲ್ಲಿ ಗರ್ಭನಾಳ ಮುಚ್ಚಿಹೋದ ಹೆಂಗಸಿಗೆ ಮಗು ಆಗೋದು ಕನಸಿನ ಮಾತಾಗಿತ್ತು. ಅಂಡವನ್ನು ಹೊರಗೆ ತೆಗೆದು, ಗಾಜಿನ ತಟ್ಟೆಯಲ್ಲಿ ವೀರ್ಯದ ಜೊತೆ ಸೇರಿಸಿ, ಆದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಪ್ರಯೋಗ ಇಂಗ್ಲೆಂಡಿನಲ್ಲಿ ನಡೆಯುತ್ತಿತ್ತು. ಸುಭಾಷ್ ಕೂಡ ಇಲ್ಲಿ ಅದಕ್ಕೇ ಕೈಹಾಕಿದರು. ಅವರ ಜೊತೆಗಿದ್ದವರು ಇಬ್ಬರು: ಶೈತ್ಯ ವಿಜ್ಞಾನ ಬಲ್ಲ ಸುನೀತ್ ಮುಖರ್ಜಿ ಮತ್ತು ಹೆರಿಗೆ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ.

ಇಂಗ್ಲೆಂಡಿನವರು ಆ ತಿಂಗಳು ತಾನಾಗಿ ಬೆಳೆದ ಒಂದೇ ಅಂಡವನ್ನು ತೆಗೆದರು. ಸುಭಾಷ್ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಒಂದಕ್ಕಿಂತ ಹೆಚ್ಚು ಅಂಡ ಬೆಳೆಸಿದರು. ಅವರು ಹೊಟ್ಟೆಗೆ ತೂತು ಮಾಡಿ ಅಂಡ ತೆಗೆದರೆ, ಇವರು ಯೋನಿಮಾರ್ಗದಿಂದ ತೆಗೆದರು. ಅವರು ಭ್ರೂಣವನ್ನು ಕೂಡಲೇ ಹಾಕಿದರೆ, ಇವರು ಅದನ್ನು 53 ದಿನ ಫ್ರೀಜ್ ಮಾಡಿಟ್ಟು ಆಮೇಲೆ ಹಾಕಿದರು. ದನಕ್ಕೆ ಇಂಜೆಕ್ಷನ್ ಕೊಡಲು ಪಶು ಆಸ್ಪತ್ರೆಯವರು ಹೊಗೆಯಾಡುವ ಕ್ಯಾನ್ ತರ್ತಾರಲ್ಲ, ಅದರಲ್ಲಿರುವ ಲಿಕ್ವಿಡ್ ನೈಟ್ರೋಜನ್ನೇ ಇಲ್ಲೂ ಬಳಕೆಯಾದದ್ದು.

ಅವಳಿ ತಪ್ಪಿಸಲೆಂದು ಅವರು ಫ್ರೀಜ್ ಮಾಡಿದ್ದಲ್ಲ. ಹಾರ್ಮೋನ್ ಕೊಟ್ಟ ತಿಂಗಳಲ್ಲಿ ಗರ್ಭಕೋಶದ ಒಳಪದರ ಭ್ರೂಣ ಹಿಡಿದುಕೊಳ್ಳಲು ತಯಾರಿರಲ್ಲ ಅನ್ನೋದು ಅವರ ಲೆಕ್ಕ. ಆದರೆ ಆ ಒಂದು ಹೆಜ್ಜೆಯಲ್ಲೇ ಮುಂದಿನ ಸಮಸ್ಯೆಗೂ ಉತ್ತರ ಇತ್ತು.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 3ರಂದು, ನವರಾತ್ರಿ ಹೊತ್ತಿಗೆ, ಕಲ್ಕತ್ತದಲ್ಲಿ ಸುಭಾಷ್ ಅವರ ಪ್ರಯೋಗದ ಹೆಣ್ಣು ಮಗು ಹುಟ್ಟಿತು. ಹೊರಗೆ ಗೊತ್ತಾಗಿದ್ದು ದುರ್ಗಾ ಎಂಬ ಹೆಸರು ಮಾತ್ರ. ಜನ ಏನಂದುಕೊಳ್ತಾರೋ ಎಂಬ ಭಯಕ್ಕೆ ಹೆತ್ತವರು ಮುಂದೆ ಬರಲಿಲ್ಲ.

ಸಮಿತಿಯ ತೀರ್ಪು

ಸರ್ಕಾರಿ ನೌಕರನಾಗಿ ಸುಭಾಷ್ ಪಶ್ಚಿಮ ಬಂಗಾಳ ಸರ್ಕಾರಕ್ಕೆ ವರದಿ ಕೊಟ್ಟರು. ನವೆಂಬರ್‌ನಲ್ಲಿ ಸರ್ಕಾರ ಸಮಿತಿ ಕೂರಿಸಿತು. ಅದರ ಮುಖ್ಯಸ್ಥರು ರೇಡಿಯೋ ಭೌತಶಾಸ್ತ್ರದ ಪ್ರೊಫೆಸರ್. ಐವಿಎಫ್‌ ಮಾಡಿ ಗೊತ್ತಿದ್ದವರು ಸಮಿತಿಯಲ್ಲಿ ಒಬ್ಬರೂ ಇರಲಿಲ್ಲ. ಇದೆಲ್ಲ ಸುಳ್ಳು ಎಂದು ಸಮಿತಿ ತಳ್ಳಿಹಾಕಿತು.

ಮಾತು ಅಲ್ಲಿಗೇ ಮುಗಿಯಲಿಲ್ಲ. 1979ರಲ್ಲಿ ಜಪಾನಿನ ಕ್ಯೋಟೋದಿಂದ ಬಂದು ವಿವರಿಸಿ ಎಂದು ಕರೆ ಬಂತು, ಸರ್ಕಾರ ಹೋಗಲು ಬಿಡಲಿಲ್ಲ. ಹೃದಯಾಘಾತವೂ ಆಯ್ತು. 1981ರ ಜೂನ್‌ನಲ್ಲಿ ಅವರನ್ನು ಕಣ್ಣಿನ ಚಿಕಿತ್ಸಾ ಸಂಸ್ಥೆಗೆ ವರ್ಗ ಮಾಡಲಾಯಿತು. ಹಾರ್ಮೋನ್ ಬಿಟ್ಟು ಬೇರೆ ಓದದ ಮನುಷ್ಯನಿಗೆ ಕಣ್ಣಿನ ಇಲಾಖೆ! ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. ಆಗ ವಯಸ್ಸು 50.

ಅದೇ ತಿಂಗಳು ಮೆಲ್ಬರ್ನ್‌ನಲ್ಲಿ

ಅದೇ 1981ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಜಗತ್ತಿನ ಮೊದಲ ಐವಿಎಫ್‌ ಅವಳಿ ಮಕ್ಕಳು ಹುಟ್ಟಿದರು. ಆ ಹೊತ್ತಿಗೆ ಹಾರ್ಮೋನ್ ಕೊಟ್ಟು ಹಲವು ಅಂಡ ಬೆಳೆಸುವ ಪದ್ಧತಿ ಬೇರೆ ದೇಶಗಳಲ್ಲೂ ಶುರುವಾಗಿತ್ತು. ಅಂಡ ಹೆಚ್ಚಾದಂತೆ ಭ್ರೂಣವೂ ಹೆಚ್ಚಾದವು. ಒಂದು ಹೋದರೂ ಇನ್ನೊಂದು ನಿಲ್ಲಲಿ ಅಂತ ಎರಡು, ಮೂರು, ನಾಲ್ಕು ಭ್ರೂಣ ಒಟ್ಟಿಗೆ ಹಾಕಿದರು. ಹೀಗಾಗಿ 80, 90ರ ದಶಕದಲ್ಲಿ ಅವಳಿ, ತ್ರಿವಳಿ ಹೆರಿಗೆಗಳು ಏರಿದವು. ಐವಿಎಫ್‌ ಇಲ್ಲದೆ ಬರೀ ಮಾತ್ರೆ, ಇಂಜೆಕ್ಷನ್‌ನಿಂದ ಅಂಡ ಬೆಳೆಸಿದರೂ, ಸ್ಕ್ಯಾನ್ ಮಾಡಿ ಗಮನಿಸದಿದ್ದರೆ ಹೀಗೇ ಆಗಬಹುದು.

ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತೂಕ ಕಡಿಮೆ, ಉಸಿರಾಟದ ತೊಂದರೆ, ವಾರಗಟ್ಟಲೆ ಗಾಜಿನ ಪೆಟ್ಟಿಗೆ ವಾಸ. ತಾಯಿಗೆ ಬಿಪಿ, ಶುಗರ್, ರಕ್ತಸ್ರಾವದ ಅಪಾಯ ಜಾಸ್ತಿ. ತ್ರಿವಳಿ ಆದರೆ ಇನ್ನೂ ಕಷ್ಟ. ಒಂದೇ ಖರ್ಚು ಅಂದುಕೊಂಡದ್ದು ಎನ್‌ಐಸಿಯು ಬಿಲ್ಲಿನಲ್ಲಿ ದುಪ್ಪಟ್ಟಾಗುತ್ತೆ.

ಇದಕ್ಕೆ ಪರಿಹಾರ ಫ್ರೀಜಿಂಗ್. ಒಳ್ಳೆಯ ಒಂದು ಭ್ರೂಣ ಹಾಕಿ, ಉಳಿದವನ್ನು ತೆಗೆದಿಡೋದು. ಮೊದಲನೆಯದು ನಿಲ್ಲದಿದ್ದರೆ ಮತ್ತೆ ಹೊಸದಾಗಿ ಅಂಡ ತೆಗೆಯದೆ ಇನ್ನೊಂದನ್ನು ಹಾಕಬಹುದು. ಫ್ರೀಜ್ ಮಾಡಿದ ಭ್ರೂಣದ ಮೊದಲ ಮಗು ಅಂತ ಜಗತ್ತು ದಾಖಲಿಸಿದ್ದು 1984ರಲ್ಲಿ, ಅದೂ ಆಸ್ಟ್ರೇಲಿಯಾದಲ್ಲಿ. ದುರ್ಗಾಗೆ ಆಗ ಐದು ವರ್ಷ ದಾಟಿತ್ತು.

ಪಟ್ಟ ಬಿಟ್ಟುಕೊಟ್ಟ ವಿಜ್ಞಾನಿ

1986ರಲ್ಲಿ ಮುಂಬೈನಲ್ಲಿ ಹುಟ್ಟಿದ ಮಗುವೇ ಭಾರತದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಅಂತ ದೇಶ ನಂಬಿತ್ತು. ಅದನ್ನು ಸಾಧಿಸಿದವರು ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಡಾ. ಟಿ.ಸಿ. ಆನಂದ ಕುಮಾರ್. 1997ರಲ್ಲಿ ಕಲ್ಕತ್ತಕ್ಕೆ ಹೋಗಿದ್ದ ಆನಂದ ಕುಮಾರ್ ಕೈಗೆ ಸುಭಾಷ್ ಅವರ ಕೈಬರಹದ ಟಿಪ್ಪಣಿಗಳು ಸಿಕ್ಕವು. ಎಲ್ಲ ಓದಿ ನೋಡಿದ ಮೇಲೆ, ಮೊದಲಿಗರು ನಾವಲ್ಲ, ಸುಭಾಷ್ ಎಂದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿನಲ್ಲಿ ಮಕ್ಕಳಾಗದವರ ಚಿಕಿತ್ಸಾ ಕೇಂದ್ರ ನಡೆಸಿದವರೂ ಇವರೇ. ತನಗೆ ಬಂದಿದ್ದ ಪಟ್ಟವನ್ನು ಸತ್ತವರಿಗೆ ಒಪ್ಪಿಸಿದ್ದು ಸಣ್ಣ ಮಾತಲ್ಲ. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸುಭಾಷ್ ಕೆಲಸವನ್ನು ಗುರುತಿಸಿತು. ದುರ್ಗಾ ತಮ್ಮ 25ನೇ ಹುಟ್ಟುಹಬ್ಬದಂದು ಜನರ ಮುಂದೆ ಬಂದರು. ಸುಭಾಷ್ ಬದುಕನ್ನು ಆಧರಿಸಿ ತಪನ್ ಸಿನ್ಹಾ ನಿರ್ದೇಶಿಸಿದ ಹಿಂದಿ ಸಿನಿಮಾ ‘ಏಕ್ ಡಾಕ್ಟರ್ ಕೀ ಮೌತ್’ ಅದಕ್ಕೂ ಮೊದಲೇ ಬಂದಿತ್ತು.

ಹಾರ್ಮೋನ್ ಕೊಟ್ಟು ಅಂಡ ಬೆಳೆಸೋದು, ಯೋನಿಮಾರ್ಗದಿಂದ ತೆಗೆಯೋದು, ಭ್ರೂಣ ಫ್ರೀಜ್ ಮಾಡೋದು, ಈ ಮೂರೂ ಇವತ್ತು ಜಗತ್ತಿನಾದ್ಯಂತ ಐವಿಎಫ್‌ ಕೇಂದ್ರಗಳ ದಿನನಿತ್ಯದ ಕೆಲಸ. ಚಿಕಿತ್ಸೆಗೆ ಹೊರಟ ದಂಪತಿಗಳು ಸಹಿ ಹಾಕುವ ಮೊದಲು ಡಾಕ್ಟರ ಹತ್ತಿರ ಮೂರು ವಿಷಯ ಕೇಳಿಕೊಳ್ಳಬೇಕು: ಎಷ್ಟು ಭ್ರೂಣ ಹಾಕ್ತೀರಿ, ಒಂದೇ ಹಾಕಿದರೆ ಆಗಲ್ವಾ, ಉಳಿದದ್ದನ್ನು ಫ್ರೀಜ್ ಮಾಡಿಡಲು ಎಷ್ಟಾಗುತ್ತೆ. ನಾಚಿಕೆಪಡುವ ವಿಷಯ ಇದರಲ್ಲಿ ಏನೂ ಇಲ್ಲ.