ಸರ್ ಸಿ. ವಿ. ರಾಮನ್ ಮತ್ತು ನಿರಾಶ್ರಿತ ವಿದ್ವಾಂಸರು

ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದ ಅವರು, ಕಚೇರಿಯ ವೇಳೆಯ ಹೊರಗೆ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಹೆಚ್ಚಿನ ವೇತನವನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು. 1928ರ ಶೋಧಕ್ಕೆ 1930ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದು ಸರ್ವವಿದಿತ. ಆದರೆ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದ ಮೇಲೆ ಅವರು ಕೈಗೊಂಡ ಒಂದು ಕಾರ್ಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಅದೇ ವರ್ಷದ ಏಪ್ರಿಲ್ 7ರಂದು ಜರ್ಮನಿಯ ನಾತ್ಸಿ ಸರ್ಕಾರ ಹೊರಡಿಸಿದ ಕಾನೂನು ಯೆಹೂದ್ಯ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರದೂಡಿತು. ಮತವನ್ನಲ್ಲ, ಹುಟ್ಟನ್ನು ಅಳೆದ ಕಾನೂನು ಅದು. ಕ್ವಾಂಟಂ ಸಿದ್ಧಾಂತದ ನಿರ್ಮಾಪಕರಲ್ಲೊಬ್ಬರಾದ ಗಟಿಂಗೆನ್ನಿನ ಮ್ಯಾಕ್ಸ್ ಬಾರ್ನ್ ಕ್ರೈಸ್ತ ದೀಕ್ಷೆ ಪಡೆದವರಾಗಿದ್ದರೂ ಪೀಠವನ್ನು ಕಳೆದುಕೊಂಡರು. ಹೀಗೆ ನೆಲೆ ತಪ್ಪಿದ ವಿದ್ವಾಂಸರನ್ನು ಬೆಂಗಳೂರಿಗೆ ಕರೆತರಲು ರಾಮನ್ ಮುಂದಾದರು. ಅದರಲ್ಲಿ ಅನುಕಂಪದೊಡನೆ ದೂರದೃಷ್ಟಿಯೂ ಇತ್ತು: ಆಶ್ರಯ ಪಡೆದವರಿಂದ ಸಂಸ್ಥೆಯೂ ಬೆಳೆಯುತ್ತಿತ್ತು.

1935-36ರ ಚಳಿಗಾಲದಲ್ಲಿ ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿ ನೆಲೆಸಿದರು. ಬಾರ್ನ್ ಅವರಿಗೆ ಕಾಯಂ ಪ್ರಾಧ್ಯಾಪಕತ್ವ ದೊರಕಿಸಲು ರಾಮನ್ ಮಂಡಿಸಿದ ಪ್ರಸ್ತಾಪವನ್ನು ಅಧ್ಯಾಪಕರ ಸಭೆಯಲ್ಲಿ ಆಂಗ್ಲ ಪ್ರಾಧ್ಯಾಪಕ ಆಸ್ಟನ್ ಕಟುವಾಗಿ ವಿರೋಧಿಸಿದರು. ಸ್ವದೇಶದಿಂದಲೇ ಹೊರಹಾಕಲ್ಪಟ್ಟ ಪರಕೀಯನಿಗೆ ಈ ಸ್ಥಾನ ಸಲ್ಲದೆಂಬುದು ಅವರ ವಾದ. ಜರ್ಮನಿ ಮಾಡಿದ ಅನ್ಯಾಯವೇ ಇಲ್ಲಿ ಅನರ್ಹತೆಯಾಯಿತು. ಎದುರಿನಲ್ಲೇ ಇದನ್ನು ಕೇಳಿದ ಬಾರ್ನ್ ಮನೆಗೆ ಹೋಗಿ ಕಣ್ಣೀರಿಟ್ಟರು. ಪ್ರಸ್ತಾಪ ಫಲಿಸಲಿಲ್ಲ; ಅವರು 1936ರಲ್ಲಿ ಎಡಿನ್‌ಬರೋದ ಪೀಠವನ್ನೇರಿದರು, 1954ರಲ್ಲಿ ನೊಬೆಲ್ ಪುರಸ್ಕೃತರಾದರು.

ರಾಮನ್ ಅವರೂ ಬೆಲೆ ತೆರಬೇಕಾಯಿತು. ಅವರ ಆಡಳಿತದ ಮೇಲೆ ಆಕ್ಷೇಪಗಳು ಮೊದಲೇ ಇದ್ದವು. ಭೌತವಿಜ್ಞಾನಕ್ಕೆ ಅವರು ನೀಡಿದ ಪ್ರಾಶಸ್ತ್ಯ ಇತರ ವಿಭಾಗಗಳಿಗೆ ಹಿಡಿಸಿರಲಿಲ್ಲ. ಬಾರ್ನ್ ಪ್ರಸಂಗ ಈ ಕಲಹವನ್ನು ತೀವ್ರಗೊಳಿಸಿತು. ವಿಚಾರಣಾ ಸಮಿತಿ ನೇಮಕವಾಗಿ, 1937ರಲ್ಲಿ ಅವರು ನಿರ್ದೇಶಕತ್ವ ಬಿಟ್ಟುಕೊಟ್ಟರು. ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಉಳಿದರು.

ಆದರೂ ಆ ಆಹ್ವಾನ ಪೂರ್ಣವಾಗಿ ವ್ಯರ್ಥವಾಗಲಿಲ್ಲ. ಬೆಂಗಳೂರಿನಲ್ಲಿ ಬಾರ್ನ್ ಅವರಿಗೆ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. ಬಾರ್ನ್ ಅವರ ಸೋದರಿಯ ಮಗ ಆಟೋ ಕೋನಿಗ್ಸ್‌ಬರ್ಗರ್, ಬರ್ಲಿನ್ನಿನಿಂದ ನಿರ್ವಾಸಿತರಾದ ವಾಸ್ತುಶಿಲ್ಪಿ, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸೋದರಮಾವನಿಗೆ ಸ್ಥಳ ದೊರೆಯದ ಅದೇ ಆವರಣದಲ್ಲಿ ಅವರು ವೈಮಾನಿಕ ವಿಭಾಗದ ಕಟ್ಟಡವನ್ನು ರೂಪಿಸಿದರು.

ರಾಮನ್ ಅವರು 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ನಿರಾಶ್ರಿತರನ್ನು ಕರೆಯಲು ಒಬ್ಬನ ಔದಾರ್ಯ ಸಾಕು. ಉಳಿಸಿಕೊಳ್ಳಲು ಸಂಸ್ಥೆಯ ಮನಸ್ಸು ಬೇಕೆಂಬುದನ್ನು ಅವರ ಬಾಳಿನ ಈ ಅಧ್ಯಾಯ ತೋರುತ್ತದೆ.