ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (6 ಆಗಸ್ಟ್ 1943 – 16 ಅಕ್ಟೋಬರ್ 1998) ಅಮೆರಿಕದ ಗಣಕ ವಿಜ್ಞಾನಿ. ಅಂತರಜಾಲದ ಸಂಖ್ಯೆ ಮತ್ತು ಹೆಸರುಗಳ ದಾಖಲೆಯನ್ನು ದಶಕಗಳ ಕಾಲ ನಿರ್ವಹಿಸಿದವರೆಂದು ಪ್ರಸಿದ್ಧರು.

ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ ಜನಿಸಿದ ಅವರು 1974ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ ಒಂದೇ ಸಂಖ್ಯೆಯನ್ನು ಎರಡು ಸೇವೆಗಳು ಬಳಸಿದರೆ ಗೊಂದಲ ಖಚಿತ. ಆದ್ದರಿಂದ ಸಂಖ್ಯೆಗಳ ಹಂಚಿಕೆಗೆ ಒಬ್ಬರೇ ಹೊಣೆಗಾರರಿರಬೇಕೆಂದು 1972ರಲ್ಲಿ ಸೂಚಿಸಿ, ಆ ಹೊಣೆಯನ್ನು ತಾವೇ ಹೊತ್ತರು. ಜಾಲದ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಪತ್ರಮಾಲೆಗೂ ಕೊನೆಯವರೆಗೆ ಅವರೇ ಸಂಪಾದಕರು.

ಆಗ ಎಲ್ಲ ಗಣಕಗಳ ಹೆಸರು, ವಿಳಾಸಗಳು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಒಂದೇ ಕಡತದಲ್ಲಿದ್ದವು. ಉಳಿದವರು ಅದರ ಪ್ರತಿ ಇಟ್ಟುಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಪ್ರತಿಗಳು ಬೇಗನೆ ಹಳತಾಗತೊಡಗಿದವು. ಪೋಸ್ಟೆಲ್ ಪರಿಹಾರ ಹುಡುಕುವ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ವಹಿಸಿದರು. 1983ರಲ್ಲಿ ರೂಪುಗೊಂಡ ಡೊಮೇನ್ ನಾಮ ವ್ಯವಸ್ಥೆಯಲ್ಲಿ ಆಯಾ ಸಂಸ್ಥೆಯೇ ತನ್ನ ನಮೂದುಗಳನ್ನು ಸರಿಯಾಗಿಡಬೇಕು. ದೇಶಗಳ ಸಂಕೇತಗಳಿಗೆ ಪೋಸ್ಟೆಲ್ ಅಂತರರಾಷ್ಟ್ರೀಯ ಮಾನಕ ಪಟ್ಟಿಯನ್ನೇ ಅನುಸರಿಸಿದರು. ಯಾವುದು ದೇಶ, ಯಾವುದಲ್ಲ ಎಂದು ತೀರ್ಮಾನಿಸುವ ಇಕ್ಕಟ್ಟು ಇದರಿಂದ ತಪ್ಪಿತು. ಭಾರತದ ‘ಡಾಟ್ ಇನ್’ 1989ರಲ್ಲಿ ಹೀಗೆ ದಾಖಲಾಯಿತು.

ಒಬ್ಬ ವ್ಯಕ್ತಿಯ ಮೇಲಿನ ನಂಬಿಕೆಯಿಂದಲೇ ನಡೆದ ಈ ಏರ್ಪಾಡು 1998ರ ಜನವರಿಯಲ್ಲಿ ಪರೀಕ್ಷೆಗೊಳಗಾಯಿತು. ಮೂಲ ಸರ್ವರ್‌ಗಳ ಪೈಕಿ ಎಂಟರ ನಿರ್ವಾಹಕರು ಪೋಸ್ಟೆಲ್ ಕೋರಿದಂತೆ ಅವರ ಗಣಕದಿಂದಲೇ ಪಟ್ಟಿ ಪಡೆಯತೊಡಗಿದರು. ಸರ್ಕಾರ ಆಕ್ಷೇಪಿಸಿದಾಗ ಹಿಂದಿನ ಕ್ರಮಕ್ಕೇ ಮರಳಲಾಯಿತು. ಅದು ಪ್ರಯೋಗವೋ ಪ್ರತಿಭಟನೆಯೋ ಎಂಬ ಚರ್ಚೆ ಉಳಿದಿದೆ.

ಅದೇ ಸೆಪ್ಟೆಂಬರಿನಲ್ಲಿ ಈ ಹೊಣೆಗಾಗಿ ಐಕಾನ್ ಸಂಸ್ಥೆ ಸ್ಥಾಪನೆಯಾಯಿತು. ಮರುತಿಂಗಳು ಹೃದಯದ ಶಸ್ತ್ರಚಿಕಿತ್ಸೆಯ ನಂತರ ಪೋಸ್ಟೆಲ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಮಿತ್ರ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿಯು ಆರ್‌ಎಫ್‌ಸಿ ಮಾಲೆಯಲ್ಲೇ 2468ನೆಯ ಪತ್ರವಾಗಿ ಪ್ರಕಟವಾಯಿತು.