ಏಳು ತಲೆಯ ಹಾವಿನ ಸುಳ್ಳು ಹಿಡಿದವನು ಕೊಟ್ಟ ಪ್ರಯಾಣದ ಲೆಕ್ಕ

2019ರಲ್ಲಿ ಕನಕಪುರದ ಬಳಿ ಏಳು ಹೆಡೆಯ ಹಾವಿನ ಪೊರೆ ಸಿಕ್ಕಿದೆ ಎಂಬ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯೇ? ಇಂಥದ್ದೇ ಒಂದು ಹಾವು 1735ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿತ್ತು. ಪೊರೆಯಲ್ಲ, ಇಡೀ ದೇಹ. ಒಣಗಿಸಿಟ್ಟ ಆ ಪ್ರಾಣಿಗೆ ಏಳು ತಲೆ, ಬಾಯಿ ತುಂಬ ಹಲ್ಲು, ಜೊತೆಗೆ ಎರಡು ಕಾಲು. ಅದು ನಗರದ ಮೇಯರ್ ಬಳಿ ಇತ್ತು. ಅದನ್ನು ಒಳ್ಳೆಯ ಬೆಲೆಗೆ ಮಾರುವ ಆಸೆ ಆತನಿಗಿತ್ತು.

ಆಗ ಸ್ವೀಡನ್ನಿನಿಂದ ಹಾಲೆಂಡ್ ಕಡೆಗೆ ಹೊರಟಿದ್ದ ಯುವಕನೊಬ್ಬ ದಾರಿಯಲ್ಲಿ ಆ ಊರಿಗೆ ಬಂದ. ಹಾವನ್ನು ಹತ್ತಿರದಿಂದ ನೋಡಿದ. ದವಡೆಗಳೂ ಪಾದಗಳೂ ಮುಂಗುಸಿಯಂಥ ಒಂದು ಚಿಕ್ಕ ಪ್ರಾಣಿಯವು, ಮೇಲೆ ಹಾವಿನ ಚರ್ಮ ಅಂಟಿಸಿದ್ದಾರೆ ಎಂದು ಪತ್ತೆ ಹಚ್ಚಿ, ಅದನ್ನು ಮುಚ್ಚಿಡದೆ ಹೇಳಿಬಿಟ್ಟ. ಹಾವಿನ ಬೆಲೆ ಬಿದ್ದುಹೋಯಿತು. ಮೇಯರ್ ಸಿಟ್ಟಿಗೆ ಹೆದರಿ ಯುವಕ ಬೇಗನೆ ಊರು ಬಿಟ್ಟ.

ಆತ ಕಾರ್ಲ್ ಲಿನ್ನೇಯಸ್. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕದಲ್ಲಿ ಗಿಡ, ಪ್ರಾಣಿಗಳಿಗೆ ಎರಡು ಪದದ ಹೆಸರಿಟ್ಟವನೆಂದು ಓದಿದ್ದೀರಲ್ಲ, ಅವನೇ. ಇಂಥವನನ್ನು ನಮ್ಮಂಥ ಸುಳ್ಳುಸುದ್ದಿ ಪರಿಶೀಲಿಸುವವರ ಪೂರ್ವಜ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಿತ್ತು. ಆದರೆ ಅದಕ್ಕೆ ಮೂರು ವರ್ಷ ಮೊದಲು ಆತ ಮಾಡಿದ ಒಂದು ಪ್ರಯಾಣದ ಲೆಕ್ಕವನ್ನು ನೋಡಿದರೆ ನಾವು ಸ್ವಲ್ಪ ತಡೆಯಬೇಕಾಗುತ್ತದೆ.

ಲಿನ್ನೇಯಸ್ ಹುಟ್ಟಿದ್ದು 1707ರ ಮೇ ತಿಂಗಳಲ್ಲಿ, ದಕ್ಷಿಣ ಸ್ವೀಡನ್ನಿನ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ, ತೋಟದ ಹುಚ್ಚಿನವರು. ಲಿನ್ನೇಯಸ್ ಎಂಬ ಮನೆತನದ ಹೆಸರೇ ಅವರ ಜಮೀನಿನಲ್ಲಿದ್ದ ಲಿಂಡೆನ್ ಮರದಿಂದ ಬಂದದ್ದು. ವೈದ್ಯಕೀಯ ಓದಲು ಉಪ್ಸಾಲಾ ವಿಶ್ವವಿದ್ಯಾಲಯ ಸೇರಿದ ಹುಡುಗನಿಗೆ ರೋಗಿಗಳಿಗಿಂತ ಗಿಡಗಳ ಮೇಲೆಯೇ ಹೆಚ್ಚು ಗಮನ.

ಆಗ ಸ್ವೀಡನ್ನಿನ ಉತ್ತರ ಭಾಗ, ಅಂದರೆ ಲ್ಯಾಪ್‌ಲ್ಯಾಂಡ್, ದಕ್ಷಿಣದವರಿಗೆ ಅಪರಿಚಿತ ನಾಡು. ಅಲ್ಲಿ ಹಿಮಸಾರಂಗ ಮೇಯಿಸುವ ಸಾಮಿ ಜನ ತಲೆಮಾರುಗಳಿಂದ ಇದ್ದರು. ಉಪ್ಸಾಲಾದ ವಿಜ್ಞಾನ ಸೊಸೈಟಿಗೆ ಅಲ್ಲಿನ ಗಿಡ, ಪ್ರಾಣಿ, ಖನಿಜಗಳ ಮಾಹಿತಿ ಬೇಕಿತ್ತು. ಲಿನ್ನೇಯಸ್ ತಾನು ಹೋಗುತ್ತೇನೆಂದ. ಸೊಸೈಟಿ ಆತ ಕೇಳಿದ್ದಕ್ಕಿಂತ ಕಡಿಮೆ ಹಣ ಕೊಟ್ಟು ಕಳಿಸಿತು.

1732ರ ಮೇ 12ರಂದು ಆತ ಉಪ್ಸಾಲಾ ಬಿಟ್ಟ. ಮರುದಿನಕ್ಕೆ 25 ತುಂಬುತ್ತಿತ್ತು. ಸಾಮಾನು ತುಂಬ ಕಡಿಮೆ: ಚರ್ಮದ ಚೀಲ, ಬದಲಿಗೆ ಒಂದು ಅಂಗಿ, ಸೊಳ್ಳೆ ನುಸಿ ತಡೆಯಲು ಬಲೆಬಟ್ಟೆಯ ಟೊಪ್ಪಿ, ಸೂಕ್ಷ್ಮದರ್ಶಕ, ಅಳತೆಯ ಕೋಲು, ಗಿಡ ಒಣಗಿಸಲು ಹೊಲಿದ ಕಾಗದದ ಕಟ್ಟು. ಐದು ತಿಂಗಳ ದಾರಿ ಸುಖದ್ದಾಗಿರಲಿಲ್ಲ. ಲಿಕ್‌ಸೆಲೆ ಎಂಬಲ್ಲಿಂದ ಒಳನಾಡಿಗೆ ಹೋಗಲು ನೋಡಿದಾಗ ಹಿಮ ಕರಗಿ ಜೌಗಾಗಿದ್ದ ನೆಲದಲ್ಲಿ ಸಿಕ್ಕಿ ಒದ್ದಾಡಿ, ಕೊನೆಗೆ ಹಿಂತಿರುಗಬೇಕಾಯಿತು.

ಜುಲೈ ಆರಂಭದಲ್ಲಿ ಕ್ವಿಕ್‌ಯೊಕ್ ಬಳಿ ಬೆಟ್ಟ ಹತ್ತಿ ಮರಗಳ ಗಡಿ ದಾಟಿದ. ಅಲ್ಲಿ ಕಂಡ ಒಂದು ಗಿಡವೂ ಆತನಿಗೆ ಪರಿಚಿತವಲ್ಲ. ಬೇರೆ ಯಾವುದೋ ಖಂಡಕ್ಕೆ ಬಂದೆನೋ ಎಂಬಷ್ಟು ಗೊಂದಲ, ಜೊತೆಗೆ ಇಷ್ಟನ್ನೂ ಹೊತ್ತೊಯ್ಯುವುದು ಹೇಗೆಂಬ ಚಿಂತೆ.

ಟಂಡ್ರಾ ಎಂದರೆ ಬರೀ ಹಿಮ, ಅಲ್ಲೇನೂ ಬೆಳೆಯುವುದಿಲ್ಲ ಎಂದು ಇಂದಿಗೂ ಅನೇಕರು ನಂಬಿದ್ದಾರೆ. ಅದು ತಪ್ಪು. ಅಲ್ಲಿ ಮರ ಎತ್ತರಕ್ಕೆ ಬೆಳೆಯುವುದಿಲ್ಲ, ಅಷ್ಟೇ. ಬೇಸಿಗೆ ಚಿಕ್ಕದು, ಗಾಳಿ ಜೋರು. ಹಾಗಾಗಿ ಗಿಡಗಳು ನೆಲಕ್ಕೆ ಅಂಟಿಕೊಂಡೇ ಬದುಕುತ್ತವೆ. ಅಲ್ಲಿನ ಒಂದು ಜಾತಿಯ ವಿಲ್ಲೋ ಮರ ಕೆಲವೇ ಸೆಂಟಿಮೀಟರ್ ಎತ್ತರ; ಎಲೆ ನಿಮ್ಮ ಉಗುರಿನಷ್ಟು. ಎಂಟು ದಳದ ಬಿಳಿ ಹೂವಿನ ಡ್ರಯಾಸ್, ಮೊಣಕಾಲೆತ್ತರದ ಕುಬ್ಜ ಬರ್ಚ್, ನೆಲ ತುಂಬ ಹಾವಸೆ ಮತ್ತು ಕಲ್ಲುಹೂ. ಹೌದು, ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ದೂರದ ನೆಂಟರೇ. ಅಲ್ಲಿ ಚಳಿಗಾಲದಲ್ಲಿ ಹಿಮಸಾರಂಗಕ್ಕೆ ಅದೇ ಮೇವು.

ಗಿಡ ಯಾವ ಜಾಗದಲ್ಲಿ ಬೆಳೆಯುತ್ತದೆ, ಜನ ಅದನ್ನು ಏನಕ್ಕೆ ಬಳಸುತ್ತಾರೆ ಎಂಬುದನ್ನೂ ಲಿನ್ನೇಯಸ್ ಬರೆದುಕೊಂಡ. ಸಾಮಿ ಜನ ಕಾಲುಚೀಲದ ಬದಲು ಒಂದು ಜಾತಿಯ ಜೊಂಡುಹುಲ್ಲನ್ನು ಒಣಗಿಸಿ ಬೂಟಿನೊಳಗೆ ತುಂಬುತ್ತಿದ್ದರು. ಮಕ್ಕಳ ತೊಟ್ಟಿಲಿಗೆ ನೀರು ಹೀರುವ ಹಾವಸೆ ಹಾಸುತ್ತಿದ್ದರು. ಇದನ್ನೆಲ್ಲ ಹೇಳಿಕೊಟ್ಟು, ದಾರಿ ತೋರಿಸಿ, ಊಟ ಹಾಕಿದ ಆ ಜನರಲ್ಲಿ ಹೆಚ್ಚಿನವರ ಹೆಸರು ಮಾತ್ರ ಪುಸ್ತಕ ಸೇರಲಿಲ್ಲ.

ಟೊರ್ನಿಯೊ ಎಂಬ ಊರಲ್ಲಿ ಪ್ರತಿ ವಸಂತದಲ್ಲಿ ದನಗಳು ಹೊಟ್ಟೆ ಉಬ್ಬಿ ಸಾಯುತ್ತಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಲಿನ್ನೇಯಸ್ ಹುಲ್ಲುಗಾವಲಿಗೇ ಹೋಗಿ ಹುಡುಕಿದ. ನೀರಿನಂಚಿನಲ್ಲಿ ಕ್ಯಾರೆಟ್, ಕೊತ್ತಂಬರಿ ಕುಟುಂಬದ ಒಂದು ಗಿಡ ಸಿಕ್ಕಿತು: ಸಿಕ್ಯೂಟ, ಘೋರ ವಿಷ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿದ್ದ ದನಗಳು ಹೊರಬಿಟ್ಟ ಕೂಡಲೇ ಎಳೆ ಹಸಿರನ್ನು ಮುಕ್ಕುತ್ತಿದ್ದವು. ಆ ಗಿಡ ಕಿತ್ತುಹಾಕಿಸಿ ಎಂದು ಆತ ಊರವರಿಗೆ ಸಲಹೆ ಕೊಟ್ಟ. ನಮಗಂತೂ ಆತನ ಇಡೀ ಪ್ರಯಾಣದಲ್ಲಿ ಇದೇ ಬಹಳ ಇಷ್ಟವಾದ ಘಟನೆ.

ಅಕ್ಟೋಬರಿನಲ್ಲಿ ಉಪ್ಸಾಲಾಕ್ಕೆ ವಾಪಸು ಬಂದವನು ಸೊಸೈಟಿಗೆ ವರದಿ ಕೊಟ್ಟ. ಎಡವಟ್ಟು ಇರುವುದು ಅಲ್ಲೇ. ಆತನ ದಿನಚರಿಯನ್ನೂ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದ ನಂತರದ ಇತಿಹಾಸಕಾರರಿಗೆ ಲೆಕ್ಕ ಹೊಂದಲಿಲ್ಲ. ಹೋಗದೇ ಇದ್ದ ಒಳನಾಡಿನ ದಾರಿಯನ್ನೂ ಸೇರಿಸಿ ಆತ ದೂರವನ್ನು ಬಹಳ ಹಿಗ್ಗಿಸಿದ್ದ. ಹಣ ಸಾಲದೆ ಕಷ್ಟಪಟ್ಟ ವಿದ್ಯಾರ್ಥಿ ಎಂದು ಕನಿಕರ ಪಡಬಹುದು. ಆದರೂ ಸುಳ್ಳು ಸುಳ್ಳೇ.

ಇನ್ನೊಂದು ಚಿತ್ರವೂ ಇದೆ. 1737ರಲ್ಲಿ ಹಾಲೆಂಡಿನಲ್ಲಿ ಬರೆಸಿದ ಈ ಚಿತ್ರ ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಸಾಮಿ ಉಡುಪು ತೊಟ್ಟು, ಸೊಂಟಕ್ಕೆ ಡೋಲು ಕಟ್ಟಿ, ಕೈಯಲ್ಲೊಂದು ಹೂ ಹಿಡಿದ ಲಿನ್ನೇಯಸ್. ತಲೆಯ ಮೇಲಿರುವುದು ಸಾಮಿ ಹೆಂಗಸರ ಬೇಸಿಗೆ ಟೊಪ್ಪಿ, ಮೈಮೇಲಿರುವುದು ಚಳಿಗಾಲದ ತುಪ್ಪಳದ ಅಂಗಿ, ಕಾಲಲ್ಲಿರುವುದು ಅವರು ಮಾರಾಟಕ್ಕೆಂದು ಹೊಲಿಯುತ್ತಿದ್ದ ಬೂಟು. ಆ ಡೋಲಾದರೂ ಅವರ ಧಾರ್ಮಿಕ ವಸ್ತು. ಚರ್ಚು ಅದನ್ನು ನಿಷೇಧಿಸಿ ಕಿತ್ತುಕೊಳ್ಳುತ್ತಿದ್ದ ಕಾಲ ಅದು. ಹೀಗೆ ಯಾವ ಸಾಮಿ ಮನುಷ್ಯನೂ ತೊಡದ ವೇಷ ಅದು. ಹೂ ಮಾತ್ರ ಅಸಲಿ. ಆತನ ಪ್ರೀತಿಯ ಪುಟ್ಟ ಗುಲಾಬಿ ಬಣ್ಣದ ಆ ಹೂವಿಗೆ ಆತನದೇ ಹೆಸರು: ಲಿನ್ನೇಯ ಬೊರಿಯಾಲಿಸ್.

ಅದೇ 1737ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಫ್ಲೋರಾ ಲ್ಯಾಪೋನಿಕಾ ಅಚ್ಚಾಯಿತು. 534 ಜಾತಿಗಳ ಆ ಪುಸ್ತಕವನ್ನು ಆತ ಹೂವಿನ ಕೇಸರಗಳನ್ನು ಎಣಿಸಿ ಗುಂಪು ಮಾಡುವ ತನ್ನದೇ ಪದ್ಧತಿಯಲ್ಲಿ ಜೋಡಿಸಿದ. ಆಗಿನ್ನೂ ಒಂದು ಗಿಡದ ಹೆಸರು ಎಂದರೆ ಒಂದು ಸಾಲಿನಷ್ಟು ಉದ್ದದ ಲ್ಯಾಟಿನ್ ವರ್ಣನೆ. 1753ರಲ್ಲಿ ಸುಮಾರು 6000 ಜಾತಿಗಳಿಗೆ ಎರಡೇ ಪದದ ಹೆಸರು ಕೊಟ್ಟ. ಎರಡು ಪದದ ಹೆಸರನ್ನು ಅವನೇ ಕಂಡುಹಿಡಿದ ಎನ್ನುವುದು ಪೂರ್ತಿ ಸರಿಯಲ್ಲ. ಹಿಂದಿನವರೂ ಅಲ್ಲಲ್ಲಿ ಬಳಸಿದ್ದರು. ಎಲ್ಲ ಗಿಡಕ್ಕೂ ಒಂದೇ ನಿಯಮದಂತೆ ಬಳಸಿದವನು ಇವನು. ನಮ್ಮ ಮಾವಿಗೆ ಮ್ಯಾಂಜಿಫೆರ ಇಂಡಿಕ ಎಂಬ ಹೆಸರೂ ಆಗಲೇ ಬಂತು. ಭಾರತಕ್ಕೆ ಕಾಲಿಡದ ಆತ ಇಲ್ಲಿನ ಅನೇಕ ಗಿಡಗಳಿಗೆ ನೆಚ್ಚಿಕೊಂಡದ್ದು ಹೊರ್ಟಸ್ ಮಲಬಾರಿಕಸ್ ಎಂಬ ಗ್ರಂಥವನ್ನು. ಅದಕ್ಕೆ ಮಾಹಿತಿ ಕೊಟ್ಟ ಇಟ್ಟಿ ಅಚ್ಯುದನ್ ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಇವರ ಹೆಸರಾದರೂ ಉಳಿದಿವೆ.

ಮನುಷ್ಯರನ್ನು ವರ್ಗೀಕರಿಸಲು ಹೋದಾಗ ಮಾತ್ರ ಲಿನ್ನೇಯಸ್ ಕೆಟ್ಟದಾಗಿ ಎಡವಿದ. 1758ರ ಪುಸ್ತಕದಲ್ಲಿ ಖಂಡ, ಮೈಬಣ್ಣಗಳ ಮೇಲೆ ನಾಲ್ಕು ಗುಂಪು ಮಾಡಿ ಒಂದೊಂದಕ್ಕೂ ಒಂದೊಂದು ಸ್ವಭಾವ ಅಂಟಿಸಿದ. ಅದರ ಹಿಂದೆ ಯಾವ ಸಮೀಕ್ಷೆಯೂ ಇರಲಿಲ್ಲ.

ಇನ್ನು ಟಂಡ್ರಾಕ್ಕೆ ಬರೋಣ. ಒಂದು ನಾಡಿನಲ್ಲಿ ಯಾವ ಯಾವ ಗಿಡಗಳಿವೆ ಎಂಬ ಪಟ್ಟಿಯೇ ಬೇರೆ, ಯಾವ ಗಿಡ ಯಾವುದರ ಜೊತೆ ಎಷ್ಟು ಜಾಗ ಹಿಡಿದು ಬೆಳೆದಿದೆ ಎಂಬ ಲೆಕ್ಕವೇ ಬೇರೆ. ಮದುವೆಗೆ ಬಂದವರ ಹೆಸರು ಬರೆದಿಡುವುದಕ್ಕೂ, ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂತರೆಂದು ಬರೆದಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ. ಲಿನ್ನೇಯಸ್ ಮಾಡಿದ್ದು ಮುಖ್ಯವಾಗಿ ಮೊದಲನೆಯದು. ಎರಡನೆಯದಕ್ಕೆ ಗಟ್ಟಿ ವಿಧಾನ ಬಂದದ್ದು 20ನೇ ಶತಮಾನದಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬ್ರೌನ್-ಬ್ಲಾಂಕೆ ಎಂಬ ವಿಜ್ಞಾನಿಯಿಂದ. ನೆಲದ ಮೇಲೆ ಒಂದು ತುಂಡು ಜಾಗ ಗುರುತು ಮಾಡಬೇಕು. ಅದರೊಳಗಿನ ಪ್ರತಿ ಗಿಡ, ಹಾವಸೆ, ಕಲ್ಲುಹೂವಿನ ಹೆಸರು ಬರೆಯಬೇಕು. ಪ್ರತಿಯೊಂದೂ ಎಷ್ಟು ನೆಲ ಮುಚ್ಚಿದೆ ಎಂಬುದಕ್ಕೆ ಅಂಕ ಕೊಡಬೇಕು. ಮುಕ್ಕಾಲಿಗಿಂತ ಹೆಚ್ಚು ಮುಚ್ಚಿದ್ದರೆ 5. ಜಾಗ, ದಿನಾಂಕ, ವಿಸ್ತೀರ್ಣವನ್ನೂ ದಾಖಲಿಸಬೇಕು. ಇಂಥ ನೂರಾರು ತುಂಡುಗಳ ಪಟ್ಟಿಗಳನ್ನು ಹೋಲಿಸಿದಾಗ, ಸದಾ ಒಟ್ಟಿಗೆ ಕಾಣುವ ಗಿಡಗಳ ಗುಂಪುಗಳು ಹೊರಬೀಳುತ್ತವೆ.

ರಷ್ಯಾ, ಕೆನಡಾ, ಅಲಾಸ್ಕಾ, ಗ್ರೀನ್‌ಲ್ಯಾಂಡ್, ನಾರ್ವೆ, ಐಸ್‌ಲ್ಯಾಂಡ್‌ಗಳಲ್ಲಿ ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಭಾಷೆಯಲ್ಲಿ ಇಂಥ ಪಟ್ಟಿಗಳು ಸೇರುತ್ತ ಬಂದವು. ಒಟ್ಟುಗೂಡಿಸಲು ಕೂತಾಗ ಮೊದಲ ತೊಡಕು ಹೆಸರಿನದು. ಒಂದೇ ಗಿಡಕ್ಕೆ ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಹೆಸರು ಬರೆದಿದ್ದರೆ ಹೋಲಿಕೆಯೇ ಕೆಡುತ್ತದೆ. ಅದನ್ನು ಸರಿಪಡಿಸಿಕೊಂಡೇ ಮುಂದೆ ಹೋಗಬೇಕು. 2003ರಲ್ಲಿ ಇಡೀ ಆರ್ಕ್ಟಿಕ್ ಪ್ರದೇಶದ ಸಸ್ಯನಕ್ಷೆ ಪ್ರಕಟವಾಯಿತು. 71 ಲಕ್ಷ ಚದರ ಕಿಲೋಮೀಟರ್, ಅಂದರೆ ಭಾರತದ ಎರಡು ಪಟ್ಟಿಗೂ ಹೆಚ್ಚು. ಸುಮಾರು 20 ಲಕ್ಷ ಬರೀ ಹಿಮ, ಉಳಿದ 50 ಲಕ್ಷಕ್ಕೆ 15 ಬಗೆಯ ಸಸ್ಯವರ್ಗ. ತಮಾಷೆಯೆಂದರೆ ಲಿನ್ನೇಯಸ್ ಹತ್ತಿದ ಬೆಟ್ಟಗಳು ಈ ನಕ್ಷೆಯೊಳಗಿಲ್ಲ. ಗಿಡಗಳು ಬಹುಪಾಲು ಅವೇ ಆದರೂ, ಅವು ಮರಗಳ ಗಡಿಯ ದಕ್ಷಿಣಕ್ಕಿವೆ. ಹಾಗಾಗಿ ಅವನ್ನು ಪರ್ವತ ಟಂಡ್ರಾ ಎಂದು ಬೇರೆ ಎಣಿಸುತ್ತಾರೆ.

ಇಂದು ಆರ್ಕ್ಟಿಕ್ ಬಿಸಿಯೇರುತ್ತಿದೆ, ಹಲವೆಡೆ ಪೊದೆಗಳು ಹಬ್ಬುತ್ತಿವೆ. ಮೊದಲು ಎಲ್ಲಿ ಏನಿತ್ತು ಎಂದು ತಿಳಿಯಲು ಹಳೆಯ ದಾಖಲೆಯೇ ಆಧಾರ. ದಾಖಲೆಯಲ್ಲಿ ಜಾಗ ಇಲ್ಲದಿದ್ದರೆ ಅದು ಈ ಕೆಲಸಕ್ಕೆ ಬರುವುದಿಲ್ಲ, ಜಾಗ ಸುಳ್ಳಾಗಿದ್ದರೆ ಇನ್ನೂ ಅಪಾಯ. ಲಿನ್ನೇಯಸ್ ವರದಿಯ ದಾರಿಯನ್ನು ಹಾಗೇ ನಂಬಿದರೆ, ಆತ ಕಾಲಿಡದ ಒಳನಾಡನ್ನೂ ನೋಡಿ ಬಂದಿದ್ದನೆಂದೇ ಲೆಕ್ಕವಾಗುತ್ತದೆ. ತಪ್ಪು ಹಿಡಿಯಲು ಸಾಧ್ಯವಾದದ್ದೂ ಆತನದೇ ದಿನಚರಿಯಿಂದ. ಅದು ಉಳಿದಿತ್ತು, ಅಷ್ಟೇ.

1778ರ ಜನವರಿ 10ರಂದು ಲಿನ್ನೇಯಸ್ ತೀರಿಕೊಂಡ. ಮತ್ತೊಮ್ಮೆ ಲ್ಯಾಪ್‌ಲ್ಯಾಂಡಿಗೆ ಹೋಗಲೇ ಇಲ್ಲ. ಮಗನೂ ತೀರಿಕೊಂಡ ಮೇಲೆ ಆತನ ಪತ್ನಿ ಸಂಗ್ರಹವನ್ನು ಇಂಗ್ಲೆಂಡಿನ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ಮಾರಿದರು. ಅದನ್ನು ಹೊತ್ತ ಹಡಗನ್ನು ಸ್ವೀಡನ್ನಿನ ಯುದ್ಧನೌಕೆ ಬೆನ್ನಟ್ಟಿತ್ತು ಎಂಬ ರೋಚಕ ಕಥೆ, ಚಿತ್ರದ ಸಮೇತ, ಇನ್ನೂ ಓಡಾಡುತ್ತಿದೆ. ಅದು ಬರೀ ಕಥೆ.

ಲ್ಯಾಪ್‌ಲ್ಯಾಂಡಿನ ಗಿಡಗಳು ಆ ಹಡಗಿನಲ್ಲಿ ಹೋಗಲಿಲ್ಲ. ಲಿನ್ನೇಯಸ್ ಅವನ್ನು ಹಾಲೆಂಡಿನಲ್ಲಿದ್ದಾಗಲೇ ಗೆಳೆಯನಿಗೆ ಕೊಟ್ಟಿದ್ದ. ಆ ಹಾಳೆಗಳು ಈಗ ಪ್ಯಾರಿಸ್ಸಿನಲ್ಲಿವೆ. ಇಂದು ಟಂಡ್ರಾದ ಯಾವುದೇ ಸಮೀಕ್ಷೆಯ ಪಟ್ಟಿ ತೆರೆದರೂ ಡ್ರಯಾಸ್, ಕುಬ್ಜ ಬರ್ಚ್, ಉಗುರೆಲೆಯ ವಿಲ್ಲೋ ಇವುಗಳ ಪೂರ್ತಿ ಹೆಸರಿನ ಮುಂದೆ ಎಲ್ ಎಂಬ ಒಂದೇ ಅಕ್ಷರ ಕಾಣುತ್ತದೆ. ಹೆಸರಿಟ್ಟವರು ಯಾರೆಂದು ತಿಳಿಸುವ ಗುರುತು ಅದು. ಸಸ್ಯಶಾಸ್ತ್ರದಲ್ಲಿ ಆ ಒಂಟಿ ಅಕ್ಷರವನ್ನು ಲಿನ್ನೇಯಸ್ ಒಬ್ಬನಿಗೇ ಬಿಟ್ಟುಕೊಟ್ಟಿದ್ದಾರೆ.